ಬಿಲ್ಲಿಗೆ ಮಡಿಕೆ ಬಿಡುವುದಿಲ್ಲ

ಈ ಭಾನುವಾರ ಬೆಳಿಗ್ಗೆ ಕಾಫಿಗೆ ಹಾಲು ಇಟ್ಟಿದ್ದೆ. ಎಲ್ಲಿಂದಲೋ ಜೇನುಮೇಣದ ವಾಸನೆ ಬಂತು. ನಮ್ಮ ಕಾಲದ ಹೆಂಗಸರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಣೆಗೆ ಮೊದಲು ಚೂರು ಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದವರು ನಾವು. ಅಂಟಿಸುವ ಬೊಟ್ಟು ಬಂದ ಮೇಲೆ ಆ ಮೇಣದ ಡಬ್ಬಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಹುಡುಕಿಕೊಂಡು ವರಾಂಡಕ್ಕೆ ಬಂದರೆ, ಮೊಮ್ಮಗಳು ಇಂಚರ ಕಾಲು ಚಾಚಿ ಕೂತು ಬಿಲ್ಲಿನ ಹೆದೆಗೆ ಮೇಣ ತಿಕ್ಕುತ್ತಿದ್ದಾಳೆ. ಹೆದೆ ಅಂದರೆ ಬಿಲ್ಲಿನ ಎರಡು ತುದಿಗೆ ಬಿಗಿಯುವ ದಾರ. ಮೇಣ ಕಾಣದಿದ್ದರೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಎಷ್ಟು ಜೋಪಾನ ನನ್ನ ಬಂಗಾರಿಗೆ ಅಂತ ಹಿಗ್ಗಿ ನೋಡುತ್ತ ನಿಂತೆ. ಆಮೇಲೆ ತೊಡೆಯ ಮೇಲಿದ್ದ ಬಿಲ್ಲು ಯಾವುದು ಅಂತ ಕಣ್ಣಿಗೆ ಬಿತ್ತು. ನಾನು ಕೊಡಿಸಿದ್ದಲ್ಲ. ಕಾಕ್ಸ್‌ಟೌನ್ ಅಜ್ಜಿ ಕೊಡಿಸಿದ್ದು.

ಒಳಗೆ ಹಾಲು ಉಕ್ಕಿ ಒಲೆ ಆರಿತು. ನನ್ನೊಳಗಿನದು ಮಾತ್ರ ಆಗತಾನೇ ಹತ್ತಿಕೊಂಡಿತ್ತು.

ಕಾಕ್ಸ್‌ಟೌನ್ ಅಜ್ಜಿ ಅಂದರೆ ನನ್ನ ಸೊಸೆಯ ತಾಯಿ, ನನ್ನ ಬೀಗಿತಿ ವಿಮಲಕ್ಕ. ಇಂಗ್ಲಿಷ್ ಸ್ಕೂಲಿನಲ್ಲಿ ಟೀಚರಾಗಿದ್ದು ರಿಟೈರಾದವರು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಮಗು ಮಾತು ಕಲಿತಾಗ ಗುರುತಿಗೆ ಬೇಕಲ್ಲ ಅಂತ ಅವರನ್ನು ಕಾಕ್ಸ್‌ಟೌನ್ ಅಜ್ಜಿ ಅಂದಿತು, ನನ್ನನ್ನು ಹಳ್ಳಿ ಅಜ್ಜಿ ಅಂದಿತು. ನನ್ನ ಹಳ್ಳಿ ಎಲ್ಲಿದೆ ಅಂತೀರಿ? ಇಂದಿರಾನಗರದ ಹೊಟ್ಟೆಯೊಳಗೆ. ದೂಪನಹಳ್ಳಿ. ನಮ್ಮ ಮಾವನವರು ದಂಟು, ಕೊತ್ತಂಬರಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕನ್ನಡಿ ಗೋಡೆಯ ಕಾಫಿ ಅಂಗಡಿ ಇದೆ, ದೂರದೂರದಿಂದ ಹುಡುಗರು ಕಾರಿನಲ್ಲಿ ಬಂದು ಅಲ್ಲಿ ಕೂರುತ್ತಾರೆ. ಆದರೂ ನಾನು ಹಳ್ಳಿ ಅಜ್ಜಿಯೇ.

ನಿಮಗೂ ಬೀಗರಿದ್ದರೆ ನನ್ನ ಸಂಕಟ ತಿಳಿದೀತು. ನಮ್ಮ ಕಡೆ ಮಗುವಿನ ಮೊದಲನೆಯದೆಲ್ಲ ತಾಯಿಮನೆಯ ಪಾಲು. ತೊಟ್ಟಿಲು ಅವರು ತಂದರು. ಮೊದಲ ಗೆಜ್ಜೆ ಅವರು ತಂದರು. ಮೊದಲ ಕೂದಲು ತೆಗೆಸುವಾಗ ಮಗು ಕೂರಬೇಕಾದ್ದು ಸೋದರಮಾವನ ತೊಡೆಯ ಮೇಲೆ, ಕಿವಿ ಚುಚ್ಚಿಸುವಾಗಲೂ ಅದೇ ತೊಡೆ. ಅಪ್ಪನ ತಾಯಿಗೆ ಏನು ಕೆಲಸ? ಆರತಿ ತಟ್ಟೆ ಹಿಡಿದುಕೊಳ್ಳುವುದು, ಬಂದವರಿಗೆ ಎಲೆಯಡಿಕೆ ಕೊಡುವುದು. ಆಲ್ಬಮ್ಮಿನ ಪ್ರತಿ ಫೋಟೋದಲ್ಲೂ ನಾನಿದ್ದೇನೆ, ಇಲ್ಲ ಅನ್ನುವ ಹಾಗಿಲ್ಲ. ಹಿಂದುಗಡೆ, ಯಾರದೋ ಭುಜದ ಮರೆಯಲ್ಲಿ, ಅರ್ಧ ಮುಖ.

ಹೀಗಿರುವಾಗ ಎರಡು ವರ್ಷದ ಹಿಂದೆ ಇಂಚರಳಿಗೆ ಬಿಲ್ಲಿನ ಹುಚ್ಚು ಹಿಡಿಯಿತು. ರಿಚರ್ಡ್ಸ್ ಟೌನಿನ ಒಂದು ಹಳೇ ಬಂಗಲೆಯ ಹಿಂದಿನ ಖಾಲಿ ಜಾಗದಲ್ಲಿ ಸ್ಟೆಲ್ಲಾ ಮಿಸ್ ಅಂತ ಒಬ್ಬರು ಭಾನುವಾರ ಬಿಲ್ವಿದ್ಯೆ ಕಲಿಸುತ್ತಾರೆ. ಟೀವಿಯಲ್ಲಿ ಕಾಣುವ, ಗಾಲಿ, ತಂತಿ, ದುರ್ಬೀನು ಎಲ್ಲ ಇರುವ ಬಿಲ್ಲಲ್ಲ. ಬರೀ ಮರದ್ದು, ಉದ್ದನೆಯದು, ಕಣ್ಣನ್ನೂ ಕೈಯನ್ನೂ ನಂಬಿ ಬಿಡುವಂಥದ್ದು. ಕೆಲವು ವಾರ ಅಲ್ಲಿನ ಬಿಲ್ಲಿನಲ್ಲೇ ಕಲಿತು ಒಂದು ದಿನ ಬಂದು, "ಅಜ್ಜಿ, ನಂಗೇ ಅಂತ ಒಂದು ಬಿಲ್ಲು ಬೇಕು" ಅಂದಳು.

ನನಗೆ ಥಟ್ಟನೆ ಹೊಳೆಯಿತು. ಮೊದಲನೇ ಬಿಲ್ಲನ್ನು ತಾಯಿಮನೆಯವರೇ ಕೊಡಬೇಕು ಅಂತ ಯಾವ ಪುರೋಹಿತರೂ ಇದುವರೆಗೆ ಹೇಳಿಲ್ಲ!

"ನಾನ್ ಕೊಡಿಸ್ತೀನಿ. ನಿಮ್ಮಮ್ಮಂಗೆ ಹೇಳ್ಬೇಡ."

"ಯಾಕಜ್ಜಿ?"

"ಅವಳು ಅವರಮ್ಮಂಗೆ ಹೇಳ್ತಾಳೆ."

ಕೆ.ಆರ್. ಪುರದಲ್ಲಿ, ರೈಲ್ವೆ ಸ್ಟೇಷನ್ ಆಚೆಗೆ, ಶರಣಪ್ಪ ಅಂತ ಬೀದರ್ ಕಡೆಯ ಬಡಗಿ ಒಬ್ಬರು ಬಿಲ್ಲು ಮಾಡುತ್ತಾರೆ. ಸ್ಟೆಲ್ಲಾ ಮಿಸ್ಸೇ ನಮ್ಮನ್ನು ಮೆಟ್ರೋದಲ್ಲಿ ಕರೆದುಕೊಂಡು ಹೋದರು. ಎತ್ತರದ ಹೆಂಗಸು, ಗಂಟಲು ಅದಕ್ಕಿಂತ ಎತ್ತರ. ಮನೆಯಲ್ಲಿ ತಮಿಳು, ಮಕ್ಕಳ ಹತ್ತಿರ ಇಂಗ್ಲಿಷು, ನನ್ನ ಹತ್ತಿರ ಕನ್ನಡ. ಶೆಡ್ಡಿನ ಗೋಡೆಗೆ ಒರಗಿಸಿದ್ದ ಬಿಲ್ಲುಗಳಲ್ಲಿ ನನ್ನ ಕಣ್ಣು ಸೀದಾ ಹೋದದ್ದು ಎಲ್ಲಕ್ಕಿಂತ ದಪ್ಪ ಇದ್ದ ಕಪ್ಪು ಬಿಲ್ಲಿನ ಮೇಲೆ. ಬೀಗಿತಿ ನೋಡಿದರೆ ಮಾತು ನಿಲ್ಲಬೇಕು, ಅಂಥದ್ದು.

"ಇದು ಕೊಡಿ" ಅಂದೆ.

"ಅವ್ವಾರ, ಅದು ಕೂಸಿನ ಬಿಲ್ಲಲ್ರೀ. ಗಟ್ಟಿ ಆಳಿಂದು" ಅಂದರು ಶರಣಪ್ಪ.

"ಬೆಳೆಯೋ ಮಗು ಅಲ್ವಾ. ಇನ್ನೊಂದೆರಡು ವರ್ಷಕ್ಕೆ ಸರಿಹೋಗುತ್ತೆ."

ನಾನು ಜೀವಮಾನವೆಲ್ಲ ಹೀಗೇ ಕೊಂಡವಳು. ಮಗನ ಯೂನಿಫಾರ್ಮ್ ಪ್ಯಾಂಟಿಗೆ ಒಳಗೆ ಮಡಿಕೆ ಬಿಟ್ಟು ಹೊಲಿಸುತ್ತಿದ್ದೆ. ಶಾಲೆ ಶುರುವಾಗುವಾಗ ಒಂದೊಂದೇ ಮಡಿಕೆ ಬಿಚ್ಚಿದರೆ ಆಯಿತು, ಬಟ್ಟೆಯ ಮೇಲೆ ಹಳೇ ಮಡಿಕೆಯ ಗೆರೆ ಉಳಿಯುತ್ತಿತ್ತು, ಅಷ್ಟೇ. ಶೂ ದೊಡ್ಡದಾದರೆ ಬೆರಳ ಹತ್ತಿರ ಹತ್ತಿ ತುರುಕುತ್ತಿದ್ದೆ. ಮಕ್ಕಳಿಗೆ ಅಳತೆಗೆ ಸರಿಯಾಗಿ ಕೊಳ್ಳುವವರು ದುಡ್ಡಿನ ಬೆಲೆ ಗೊತ್ತಿಲ್ಲದವರು ಅಂತಲೇ ನನ್ನ ನಂಬಿಕೆ.

ಸ್ಟೆಲ್ಲಾ ಮಿಸ್ ಸೊಂಟದ ಮೇಲೆ ಕೈಯಿಟ್ಟರು. "ಅಜ್ಜಿ, ಇದು ಯೂನಿಫಾರ್ಮ್ ಅಲ್ಲ. ಬಿಲ್ಲಿಗೆ ಮಡಿಕೆ ಬಿಡಕ್ಕಾಗಲ್ಲ. ಬೇಕಾದ್ರೆ ನೋಡಿ." ಇಂಚರಳ ಕೈಗೆ ಆ ಕಪ್ಪು ಬಿಲ್ಲು ಕೊಟ್ಟರು. ಮಗು ಹಲ್ಲು ಕಚ್ಚಿ ಎಳೆಯಿತು. ಭುಜ ಕಿವಿಗೆ ಹತ್ತಿತು, ಬೆನ್ನು ಹಿಂದಕ್ಕೆ ಬಾಗಿತು, ಮುಖ ಕೆಂಪಾಯಿತು, ಹೆದೆ ಮಾತ್ರ ಅರ್ಧ ದಾರಿಗೆ ಬಂದು ನಿಂತಿತು.

"ಎಳೀತಿರೋದು ತೋಳಲ್ಲ, ಹಠ. ಇದೇ ಅಭ್ಯಾಸ ಆಗ್ಬಿಟ್ರೆ ಭುಜ ಕೆಡುತ್ತೆ. ಆಮೇಲೆ ನಾನಲ್ಲ, ಯಾರು ಬಂದ್ರೂ ತಿದ್ದಕ್ಕಾಗಲ್ಲ. ಇವತ್ತಿನ ತೋಳಿಗೆ ಇವತ್ತಿನ ಬಿಲ್ಲು."

ಆಮೇಲೆ ಒಂದೊಂದಾಗಿ ಹಗುರ ಬಿಲ್ಲುಗಳನ್ನು ಕೊಟ್ಟು ನೋಡಿದರು. ಹೆದೆ ಹಿಡಿದ ಬೆರಳು ಬಾಯಿಯ ಅಂಚಿಗೆ ತಾಗಬೇಕಂತೆ. ತಾಗಿದ ಮೇಲೆ ಕೈ ನಡುಗದೆ ನಿಲ್ಲಬೇಕಂತೆ. ಬಿಲ್ಲು ಅವಳಿಗಿಂತ ಒಂದಿಷ್ಟು ಎತ್ತರವೇ ಇರಬೇಕಂತೆ, ಗಿಡ್ಡವಾದರೆ ಪೂರ್ತಿ ಎಳೆದಾಗ ಹೆದೆ ಮಡಚಿ ಬೆರಳನ್ನು ಕಚ್ಚುತ್ತದಂತೆ. ಹಿಡಿದು ನೇರಕ್ಕೆ ನೋಡಿದರೆ ಹೆದೆ ಬಿಲ್ಲಿನ ನಟ್ಟನಡುವೆ ಹಾಯಬೇಕು, ಪಕ್ಕಕ್ಕೆ ವಾಲಿದ್ದರೆ ಮರ ತಿರುಚಿದೆ ಅಂತ ಅರ್ಥ. ಒಂದು ಬಿಲ್ಲು ಎಳೆದು ನಿಂತಾಗ ಮಿಸ್, "ಹಾಗೇ ನಿಂತು ನಿಂಗೆ ಇಷ್ಟವಾದ ತಿಂಡಿ ಹೇಳು" ಅಂದರು.

"ಪಾನಿಪುರಿ, ಗೋಬಿ, ಪಫ್ಸು, ಅಜ್ಜಿ ಮಾಡೋ ನಿಪ್ಪಟ್ಟು…"

"ಸಾಕು. ಇದೇ ನಿನ್ನ ಬಿಲ್ಲು."

ಮುಂದೆ ಬಿದಿರಿನ ಪಟ್ಟಿ, ಹಿಂದೆ ಮರ, ಎರಡನ್ನೂ ಅಂಟಿಸಿದ್ದು. ಬಣ್ಣವಿಲ್ಲ, ಚರ್ಮವಿಲ್ಲ, ಕುಸುರಿಯಿಲ್ಲ. ಬೆಲೆ ಕೇಳಿ ನನಗೆ ಅವಮಾನವಾಯಿತು, ಒಂದು ಒಳ್ಳೇ ಸೀರೆಗೂ ಸಾಲದು. "ಸ್ವಲ್ಪ ಜಾಸ್ತೀದು ತೋರ್ಸಿ" ಅಂದೆ. ಜಗತ್ತಿನಲ್ಲಿ ಯಾವ ಅಂಗಡಿಯಲ್ಲೂ ನಾನು ಆಡದ ಮಾತು ಅದು.

"ಮೊದಲನೇ ಬಿಲ್ಲಿಗೆ ದುಡ್ಡು ಸುರೀಬೇಡಿ ಅಜ್ಜಿ, ಚಪ್ಪಲಿ ಥರ ಬೇಗ ಬಿಡ್ತಾಳೆ. ಮಿಕ್ಕಿದ್ರಲ್ಲಿ ಅವಳ ಅಳತೆಗೆ ಒಳ್ಳೆ ಬಾಣ ತಗೊಳ್ಳಿ, ತೋಳಿಗೊಂದು ಪಟ್ಟಿ, ಬೆರಳಿಗೊಂದು ಚರ್ಮ" ಅಂದರು ಮಿಸ್. ತಗೊಂಡೆ. ಬಿಲ್ಲು ಹಿಡಿದು ಮೆಟ್ರೋ ಹತ್ತಲು ಬಿಡುತ್ತಾರೋ ಇಲ್ಲವೋ ಅಂತ ಹಳೇ ಸೀರೆ ಸುತ್ತಿ ಆಟೋದಲ್ಲಿ ತಂದೆವು. ತುದಿ ಹೊರಗೆ ಚಾಚಿಕೊಂಡಿತ್ತು. ದಾರಿಯುದ್ದಕ್ಕೂ ನನ್ನ ಎದೆಯೂ ಅಷ್ಟೇ ಚಾಚಿಕೊಂಡಿತ್ತು ಅನ್ನಿ. ಮೊದಲನೆಯದೊಂದು, ಕೊನೆಗೂ, ನನ್ನದು!

ಮರುವಾರ ಬೇಕಂತಲೇ ಅದನ್ನು ಹೊತ್ತುಕೊಂಡು ವಿಮಲಕ್ಕನ ಮನೆಗೆ ಹೋದೆ. ಅವರು ತಿರುಗಿಸಿ ನೋಡಿದರು. "ಚೆನ್ನಾಗಿದೆ ರೀ. ಸಿಂಪಲ್ಲಾಗಿದೆ."

ಆ ಸಿಂಪಲ್ ಅನ್ನುವ ಮಾತು ನನಗೆ ರಾತ್ರಿಯ ಊಟದವರೆಗೂ ಇಳಿಯಲಿಲ್ಲ. ತಿಂಗಳು ತುಂಬುವ ಮೊದಲೇ ನಮ್ಮ ಮನೆಗೆ ಒಂದು ಉದ್ದನೆಯ ಪೆಟ್ಟಿಗೆ ಬಂತು, ಹಿಂದೆಯೇ ವಿಮಲಕ್ಕನೂ ಬಂದರು. ಎರಡು ಬಣ್ಣದ ಮರ, ಮುಖ ಕಾಣುವಂಥ ಹೊಳಪು, ಹಿಡಿಗೆ ಜಿಂಕೆ ಬಣ್ಣದ ಚರ್ಮ. ಇಂಚರ ಕಿರುಚಿ ಅವರ ಕೊರಳಿಗೆ ಜೋತುಬಿದ್ದಳು. ನನ್ನ ಬಿಲ್ಲು ತಂದ ದಿನ ಕಿರುಚಿರಲಿಲ್ಲ, ಥ್ಯಾಂಕ್ಸ್ ಅಂದಿದ್ದಳು. ಆದರೆ ಎಳೆಯಲು ಹೋದರೆ ಹೆದೆ ಎದೆಯ ಮುಂದೆಯೇ ನಿಂತಿತು.

"ಬೆಳೀತಾಳಲ್ಲ, ಆಮೇಲೆ ಸರಿಹೋಗುತ್ತೆ ಅಂತ ದೊಡ್ಡದೇ ತಂದೆ" ಅಂದರು ವಿಮಲಕ್ಕ.

"ಹಾಗಲ್ಲ ವಿಮಲಕ್ಕ. ಬಿಲ್ಲಿಗೆ ಮಡಿಕೆ ಬಿಡಕ್ಕಾಗಲ್ಲ. ಇವತ್ತಿನ ತೋಳಿಗೆ ಇವತ್ತಿನ ಬಿಲ್ಲು" ಅಂದೆ. ಅಷ್ಟು ಸಂತೋಷವಾಗಿ ನಾನು ಯಾರಿಗೂ ಬುದ್ಧಿ ಹೇಳಿದವಳಲ್ಲ.

ಆ ಸಂತೋಷ ಎಷ್ಟು ದಿನ? ಅವರ ಬಿಲ್ಲು ಮಂಚದ ಮೇಲಿನ ಗೋಡೆಗೆ ಏರಿತು, ನನ್ನದು ಬಾಗಿಲ ಸಂದಿಯಲ್ಲಿ ಛತ್ರಿಯ ಪಕ್ಕ ನಿಂತಿತು. ಗೆಳತಿಯರು ಬಂದರೆ ಫೋಟೋ ಅವರದರ ಜೊತೆ. ಭಾನುವಾರ ಬಿಸಿಲಿಗೆ ಹೋಗುವುದು, ಬೆವರು ಕುಡಿಯುವುದು, ಗೀರು ಬೀಳಿಸಿಕೊಳ್ಳುವುದು ನನ್ನದು. ಸೊಸೆ ಇದ್ದ ಹಾಗೆ ಒಂದು, ನೆಂಟರು ಬಂದ ಹಾಗೆ ಇನ್ನೊಂದು. ಒರೆಸುವ ನೆಪದಲ್ಲಿ ಗೋಡೆಯ ಮೇಲಿನದನ್ನು ಎಷ್ಟೋ ಸಲ ಇಳಿಸಿ ನೋಡಿದ್ದೇನೆ, ಏನಾದರೂ ಕುಂದು ಸಿಗಲಿ ಅಂತ. ಸಿಗಲಿಲ್ಲ. ದರಿದ್ರದ್ದು, ಅಷ್ಟು ಚೆನ್ನಾಗಿತ್ತು.

ಯುಗಾದಿಯ ದಿನ ನಮ್ಮ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತ ವಿಮಲಕ್ಕ ಮೆಲ್ಲಗೆ ಅಂದರು: "ನಿಮ್ದೇ ಪುಣ್ಯ ರೀ. ಅವಳ ಕೈಲಿರೋದು ನಿಮ್ಮ ಬಿಲ್ಲು. ನಂದು ಗೋಡೆ ಕಾಯ್ತಿದೆ. ಪ್ರತಿ ವಾರ ಕೇಳ್ತೀನಿ, ಇನ್ನೂ ಇಲ್ಲ ಅಜ್ಜಿ ಅಂತಾಳೆ. ಹೊಟ್ಟೆ ಉರಿಯುತ್ತೆ, ನಿಜ ಹೇಳ್ತೀನಿ."

ಇಷ್ಟು ಓದಿದವರಿಗೂ ಹೊಟ್ಟೆ ಉರಿಯುತ್ತದೆ, ಅದೂ ನನ್ನಿಂದ! ಊಟಕ್ಕೆ ಕೂತಾಗ ಅವರ ಎಲೆಗೆ ಕೇಳದೆಯೇ ಇನ್ನೊಂದು ಒಬ್ಬಟ್ಟು ಹಾಕಿ, ಹಾಯಾಗಿ ತುಪ್ಪ ಸುರಿದೆ.

ಆದರೆ ಅದೇ ವಾರ ಮೈದಾನದಲ್ಲಿ ಸ್ಟೆಲ್ಲಾ ಮಿಸ್ ನನ್ನ ಪಕ್ಕ ಬಂದು ನಿಂತು ನೆಮ್ಮದಿ ಕೆಡಿಸಿದರು. "ನೋಡಿ ಅಜ್ಜಿ, ಭುಜ ಎಷ್ಟು ಚೆನ್ನಾಗಿ ಕೂತಿದೆ. ನೀವು ಸರಿಯಾದ್ದು ಕೊಡಿಸಿದ್ರಿ. ಈ ಬಿಲ್ಲೇ ಅವಳನ್ನ ಆ ದೊಡ್ಡ ಬಿಲ್ಲಿಗೆ ರೆಡಿ ಮಾಡ್ತಿರೋದು."

ಅಯ್ಯೋ ದೇವರೇ ಅನ್ನಿಸಿತು. ನನ್ನ ಬಿಲ್ಲು ಇಷ್ಟು ದಿನ ಅವರ ಬಿಲ್ಲಿಗೆ ಕೂಲಿ ಮಾಡುತ್ತಿತ್ತೇ? ಅದು ಎಷ್ಟು ಒಳ್ಳೆಯದೋ ಅಷ್ಟು ಬೇಗ ಮಗುವನ್ನು ತಾನಾಗಿಯೇ ದಾಟಿಸಿಬಿಡುತ್ತದೆ. ಮನೆಗೆ ಬಂದು ಮುದ್ದೆ ಬಡಿಸುವಾಗ, ಇವಳಿಗೆ ಇಷ್ಟು ಬಲ ಯಾಕೆ, ತುಪ್ಪ ಒಂದು ಚಮಚ ಕಡಿಮೆ ಹಾಕಿದರೆ ಹೇಗೆ ಅಂತ ಒಂದು ಯೋಚನೆ ಬಂದದ್ದು ಸುಳ್ಳಲ್ಲ. ಕೈ ಕೇಳಲಿಲ್ಲ. ಎಂದಿಗಿಂತ ಜಾಸ್ತಿಯೇ ಬಿತ್ತು.

ಕೊನೆಗೆ, ಈ ಭಾನುವಾರ ದೊಡ್ಡ ಬಿಲ್ಲು ಎಳೆದು ನೋಡೋಣ ಅಂದಿದ್ದರು ಮಿಸ್. ಇವತ್ತು ಮೇಣ ಹಚ್ಚಿದ್ದು ಅದಕ್ಕೇ. ಆ ಬಿಲ್ಲನ್ನು ಹೊರಲಿಕ್ಕೆ ನಾನೇ ಜೊತೆಗೆ ಹೋದೆ. ಮೈದಾನದಲ್ಲಿ ವಿಮಲಕ್ಕನ ಕುರ್ಚಿ ಖಾಲಿ. ಮನೆಗೆ ಪ್ಲಂಬರ್ ಬಂದಿದ್ದಾನೆ, ತಡವಾಗುತ್ತೆ ಅಂತ ಫೋನ್ ಮಾಡಿದ್ದರು. ಇಂಚರ ನನ್ನ ಬಿಲ್ಲಿನಲ್ಲಿ ತೋಳು ಕಾಯಿಸಿಕೊಂಡಳು. ಆಮೇಲೆ ಅದನ್ನು ಹುಲ್ಲಿನ ಮೇಲೆ ಮಲಗಿಸಿ ದೊಡ್ಡದನ್ನು ಎತ್ತಿಕೊಂಡಳು.

"ಬಲವಂತ ಬೇಡ. ನಿಧಾನ" ಅಂದರು ಮಿಸ್.

ಹೆದೆ ಎದೆಯ ಮುಂದೆ ಬಂತು. ನಿಲ್ಲಲಿಲ್ಲ. ಗದ್ದಕ್ಕೆ ಬಂತು. ಬೆರಳು ಬಾಯಿಯ ಅಂಚಿಗೆ ತಾಗಿತು. ಭುಜ ಕೆಳಗೇ ಇತ್ತು, ಬೆನ್ನು ನೇರ ಇತ್ತು, ನನ್ನ ಕೂಸು ಅಲ್ಲಿ ನಿಂತದ್ದು ಯಾರೋ ಅಳತೆ ತೆಗೆದು ನಿಲ್ಲಿಸಿದ ಹಾಗಿತ್ತು. ಬಾಣ ಹೋಗಿ ಹುಲ್ಲಿನ ದಿಂಡಿಗೆ ದಪ್ ಅಂತ ನಾಟಿತು. ನಾನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಅತ್ತೆನೋ ನಕ್ಕೆನೋ ತಿಳಿಯದು. ಅದು ಯಾರ ಬಿಲ್ಲು ಅನ್ನುವುದು ಆ ಗಳಿಗೆಯಲ್ಲಿ ನೆನಪೇ ಇರಲಿಲ್ಲ.

ಮರುಗಳಿಗೆಯಲ್ಲಿ ಚೆನ್ನಾಗಿ ನೆನಪಾಯಿತು. ಅವರ ಬಿಲ್ಲು, ಆದರೆ ನೋಡಿದವಳು ನಾನು, ಅವರಿಲ್ಲ! ಹೇಳಿ ಉರಿಸಬೇಕು ಅಂತ ಅಲ್ಲೇ ಫೋನ್ ಒತ್ತಿದೆ.

"ಏನ್ ರೀ? ಎಳೆದ್ಲಾ?" ಆ ಕಡೆ ಸುತ್ತಿಗೆಯ ಸದ್ದು, ಅದರ ನಡುವೆ ವಿಮಲಕ್ಕನ ಉಸಿರು.

ಆ ದನಿ ನನಗೆ ಗೊತ್ತು. ಇಂಚರ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಇದ್ದವರು ಅವರು, ಮನೆಯಲ್ಲಿ ಫೋನ್ ಹಿಡಿದು ಕೂತಿದ್ದವಳು ನಾನು. "ಏನ್ ವಿಮಲಕ್ಕ, ಆಯ್ತಾ?" ಅಂತ ಕೇಳಿದಾಗ ನನ್ನ ದನಿಯೂ ಹೀಗೇ ಇತ್ತು.

"ಇನ್ನೂ ಇಲ್ಲ" ಅಂದುಬಿಟ್ಟೆ. "ಬೇಗ ಬನ್ನಿ. ನೀವ್ ಬರೋವರ್ಗೂ ಮುಟ್ಟಲ್ಲ ಅಂತ ಕೂತಿದ್ದಾಳೆ."

"ಅಜ್ಜೀ! ಎಂಥಾ ಸುಳ್ಳು!" ಅಂದಳು ಇಂಚರ. ಸ್ಟೆಲ್ಲಾ ಮಿಸ್ ಆ ಕಡೆ ತಿರುಗಿಕೊಂಡು ಕೆಮ್ಮಿದರು.

"ಸುಮ್ನಿರೇ. ತೋಳು ನೋಯ್ತಿದ್ಯಾ? ಇನ್ನೊಂದ್ಸಲ ಆಗುತ್ತಾ?"

"ಆಗುತ್ತೆ. ಆದ್ರೆ ಮೊದಲನೇ ಸಲದ ಥರ ಹೇಗೆ ಎಳೆಯೋದು?"

"ಸ್ವಲ್ಪ ಹೆದರ್ಕೊಂಡು ಎಳಿ."

ವಿಮಲಕ್ಕ ಆಟೋದಿಂದ ಇಳಿದಾಗ ಸೀರೆಯ ಅಂಚು ಪ್ಲಂಬರನ ನೀರಿನಲ್ಲಿ ನೆನೆದಿತ್ತು. ಇಂಚರ ಎಷ್ಟು ಚೆನ್ನಾಗಿ ಹೆದರಿದಳು ಅಂದರೆ ನಾನೇ ಒಮ್ಮೆ ನಂಬಿಬಿಟ್ಟೆ. ಬಾಣ ನಾಟಿತು. ವಿಮಲಕ್ಕ ನನ್ನ ಕೈ ಹಿಡಿದು ಬಳೆ ಒತ್ತುವಷ್ಟು ಅದುಮಿದರು. "ನೋಡಿದ್ರಾ ರೀ? ಇಬ್ರೂ ಒಟ್ಟಿಗೇ ನೋಡಿದ್ವಿ!"

"ಹೂಂ ವಿಮಲಕ್ಕ, ಒಟ್ಟಿಗೇ" ಅಂದೆ. ಹಾಗೆ ಅಂದಾಗ ನನಗೆ ಸಿಕ್ಕಿದ ಸುಖ, ಉರಿಸಿದ್ದರೆ ಸಿಗುತ್ತಿರಲಿಲ್ಲ.

ಆ ಸುಖ ಮಧ್ಯಾಹ್ನದ ಊಟದವರೆಗೆ ಚೆನ್ನಾಗಿಯೇ ಇತ್ತು. ಊಟವಾದ ಮೇಲೆ ವಿಮಲಕ್ಕ ನಮ್ಮ ಮನೆಯ ಸೋಫಾದ ಮೇಲೆ ಕೂತು ನೆಂಟರಿಗೆಲ್ಲ ಫೋನ್ ಹಚ್ಚಿದರು. "ನಾನು ಕೊಡಿಸಿದ ಬಿಲ್ಲು ಕಣೇ, ಮೊದಲನೇ ಸಲ, ನನ್ನ ಕಣ್ಮುಂದೆ…" ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ, ಮತ್ತೆ ಬಂತು, ಮತ್ತೆ ನುಂಗಿದೆ. ಅವರು ಓದುವುದೆಲ್ಲ ಇಂಗ್ಲಿಷಿನಲ್ಲಿ, ಇದು ಅವರ ಕಣ್ಣಿಗೆ ಬೀಳುವುದಿಲ್ಲ ಅನ್ನುವ ಧೈರ್ಯದ ಮೇಲೆ ನಿಮಗೊಬ್ಬರಿಗೆ ಹೇಳಿ ಹಗುರಾಗುತ್ತೇನೆ: ಮೊದಲು ನೋಡಿದವಳು ನಾನು.