ಸೋನಾಬಾಯಿ ಬರೆದ ಯಾದಿ

ಬೆಳಗಿನ ಐದೂವರೆ. ಸಾಂಗಲಿಯ ಹರಿಪುರ ರಸ್ತೆಯಿಂದ ನದಿಯ ಕಡೆಗೆ ಇಳಿಯುವ ಚಿಂಚ ಗಲ್ಲಿಯಲ್ಲಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ, ಕೊಡಗಳು ಮಾತ್ರ ಸಾಲಾಗಿ ಕೂತಿವೆ. ಮಿರಜಿನಿಂದ ಮೊದಲ ವಡಾಪ್ ರಿಕ್ಷಾದಲ್ಲಿ ಎಂಟು ಮಂದಿಯ ನಡುವೆ ಒತ್ತಿಕೊಂಡು ಬಂದಿಳಿದ ಸೋನಾಬಾಯಿ, ಎಡ ಮೊಣಕಾಲನ್ನು ಒಮ್ಮೆ ತಿಕ್ಕಿಕೊಂಡು, ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ ಮೊದಲ ಬಾಗಿಲು ತಟ್ಟುತ್ತಾರೆ. ತಟ್ಟುವುದೆಂದರೆ ಎರಡೇ ಪೆಟ್ಟು. ಮೂರನೆಯದು ಹೊಡೆದರೆ ಪೊಲೀಸರು ಬಂದರೇನೋ ಎಂದು ಒಳಗಿನವರು ಗಾಬರಿಯಾಗುತ್ತಾರಂತೆ.

“ಮುನಸಿಪಾಲ್ಟಿ ಗಾಡಿ ಆರಕ್ಕ ಬರ್ತೈತ್ರಿ. ಝಾಡು ಹೊಡ್ಯಾವ್ರು ಒಮ್ಮೆ ಹೋದ್ರಂದ್ರ ಸಂಜಿತನಕ ಸಿಗಂಗಿಲ್ಲ. ನನ್ನ ಕೆಲಸ ಅಂದ್ರ ಮಂದಿ ಮಾರಿ ನೋಡೋದು. ಯಾರಿಗಿ ಜಡ್ಡು, ಯಾರ ಮನ್ಯಾಗ ಒಲಿ ಹೊತ್ತಿಲ್ಲ, ಎಲ್ಲಾ ಮಾರಿ ಮ್ಯಾಲೇ ಇರ್ತೈತಿ,” ಎನ್ನುತ್ತಾ ಅವರು ಎರಡನೆಯ ಬಾಗಿಲಿಗೆ ಹೋಗುತ್ತಾರೆ.

ಅರವತ್ತಮೂರು ವರ್ಷದ ಸೋನಾಬಾಯಿ ಸಾಂಗಲಿ-ಮಿರಜಿನ ನಾಲ್ಕು ಚರ್ಚುಗಳು ಸೇರಿ ಕಟ್ಟಿಕೊಂಡಿರುವ ಕೂಟದ ಏಕೈಕ ಕೆಲಸಗಾರ್ತಿ. ಹದಿಮೂರು ವರ್ಷಗಳಿಂದ ಹನ್ನೊಂದು ಗಲ್ಲಿಗಳನ್ನು ನಡೆಯುತ್ತಿದ್ದಾರೆ. ದಿನಕ್ಕೆ ಮೂವತ್ತು ನಲವತ್ತು ಬಾಗಿಲು, ವಾರಕ್ಕೆ ಮೂರು ಸಲ ತಹಸೀಲ್ದಾರರ ಕಚೇರಿ, ಎರಡು ಸಲ ದವಾಖಾನೆ. ಮೊದಲು ಯಾವಾಗಲೂ ಚಿಂಚ ಗಲ್ಲಿ. ಯಾಕೆ ಇದೇ ಮೊದಲು ಎಂದು ಕೇಳಿದರೆ ರಿಕ್ಷಾ ಇಲ್ಲೇ ನಿಲ್ಲುತ್ತದೆ ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ.

ನಿಜ ಸಂಗತಿ ಕೂಟದ ಒಂದು ಕಾಗದದಲ್ಲಿದೆ. ನದಿ ಉಕ್ಕಿದಾಗ ಯಾವ ಗಲ್ಲಿಗೆ ಯಾವ ಚರ್ಚು ಅನ್ನ, ಔಷಧ ಮುಟ್ಟಿಸಬೇಕು ಎಂಬ ಯಾದಿ ಅದು. ಅದನ್ನು ಬರೆದವರು ಇದೇ ಸೋನಾಬಾಯಿ. ಅದರಲ್ಲಿ ಚಿಂಚ ಗಲ್ಲಿಯ ಮುಂದೆ ಅವರೇ ಬರೆದ ಒಂದು ಮಾತಿದೆ. ಈ ಶನಿವಾರದ ಸಭೆಯಲ್ಲಿ ಅದೇ ಯಾದಿ ಈ ಮಳೆಗಾಲಕ್ಕೂ ಮಂಜೂರಾಗಲಿದೆ. ಅಷ್ಟರೊಳಗೆ ಎದ್ದು ನಿಂತು ಆ ಮಾತನ್ನು ಹೊಡೆದುಹಾಕಿ ಎನ್ನಬೇಕು, ಯಾಕೆಂಬುದನ್ನೂ ಹೇಳಬೇಕು. ಆರು ವರ್ಷಗಳಿಂದ ಹೇಳಬೇಕು ಹೇಳಬೇಕು ಎಂದುಕೊಂಡೇ ಬಂದಿದ್ದಾರೆ.

ಸೋನಾಬಾಯಿಯ ತವರು ಮ್ಹೈಸಾಳ. ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ, ಶಾಲೆಯೂ ನಾಲ್ಕನೇ ಇಯತ್ತೆಗೇ ಮುಗಿಯಿತು. ಅವ್ವ ಜಡ್ಡಿನಿಂದ ಎದ್ದ ವರ್ಷ ಮನೆಯವರೆಲ್ಲ ಕ್ರೈಸ್ತರಾದರು. ಹೆಸರು ಮಾತ್ರ ಯಾರೂ ಬದಲಿಸಿಕೊಳ್ಳಲಿಲ್ಲ. ಕೊಟ್ಟ ಗಂಡನ ಹೆಸರೂ ವಿಠೋಬಾ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ವಿಠೋಬಾನನ್ನು ಕಂಡು ಹೊಸದಾಗಿ ಬಂದ ಪಾಳಕರೊಬ್ಬರು, ಅಂದರೆ ಚರ್ಚಿನ ಪಾದ್ರಿ, ಹೆಸರು ಬದಲಿಸಿಕೋ ಎಂದಾಗ, “ಇದs ಹೆಸರಲೆ ಕರದ್ರ ದೇವರಿಗಿ ಗೊತ್ತಾಗಂಗಿಲ್ಲೇನ್ರಿ?” ಎಂದು ಕೇಳಿದ್ದನಂತೆ. ಪಾಳಕರು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮಿರಜಿನಲ್ಲಿ ಗಟಾರ ಬಳಿಯುವ ಕೆಲಸದಲ್ಲಿದ್ದ ವಿಠೋಬಾ ಮೂವತ್ತೆಂಟಕ್ಕೇ ಕಾಮಾಲೆಯಾಗಿ ತೀರಿಕೊಂಡ. ಅವನ ನೌಕರಿ ತಮಗೆ ಸಿಗುತ್ತದೆಂದು ಸೋನಾಬಾಯಿ ಎರಡು ವರ್ಷ ಕಚೇರಿಗಳನ್ನು ಅಲೆದರು. ನೌಕರಿಯೇನೂ ಸಿಗಲಿಲ್ಲ. ಆದರೆ ಯಾವ ಕಿಟಕಿ ಯಾವ ಹೊತ್ತಿಗೆ ತೆರೆಯುತ್ತದೆ, ಯಾವ ಸಾಹೇಬ ಊಟಕ್ಕೆ ಮೊದಲು ಒಳ್ಳೆಯವನು, ಯಾವನು ಊಟದ ನಂತರ ಎಂಬುದೆಲ್ಲ ಬಾಯಿಪಾಠವಾಯಿತು. ಕಲ್ಲು ಚರ್ಚಿನಲ್ಲಿ ಕಸ ಗುಡಿಸುತ್ತಿದ್ದ ಅವರ ಸುತ್ತ ಕಾಗದ ಹಿಡಿದುಕೊಂಡ ಹೆಂಗಸರು ಸೇರತೊಡಗಿದರು. ಅವರಲ್ಲಿ ಬೇರೆ ಚರ್ಚಿನವರೇ ಹೆಚ್ಚು. ಕೂಟ ಹುಟ್ಟಿದಾಗ ಕೆಲಸಕ್ಕೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ.

ಕೂಟ ಎಂದರೆ ಮಿರಜಿನ ಕಲ್ಲು ಚರ್ಚು, ಸಾಂಗಲಿಯ ಕ್ಯಾಥೊಲಿಕರು, ಮರಾಠಿ ಚರ್ಚು ಮತ್ತು ತಗಡಿನ ಶೆಡ್ಡಿನಲ್ಲಿ ಗಿಟಾರು ಬಾರಿಸಿ ಹಾಡುವ ಪ್ರಾರ್ಥನಾ ಮಂದಿರ. ಇವರನ್ನು ಒಂದು ಚಾಪೆಯ ಮೇಲೆ ಕೂರಿಸುವುದು ಹುಡುಗಾಟದ ಮಾತಲ್ಲ. ಮೊದಲ ವರ್ಷ ನಾತಾಳ ಅಂದರೆ ಕ್ರಿಸ್‌ಮಸ್ಸಿನ ಮೆರವಣಿಗೆಯಲ್ಲಿ ಯಾರ ಬ್ಯಾನರು ಮುಂದೆ ಎಂದು ಮೂರು ಸಭೆ ನಡೆದವು. ಕೊನೆಗೆ ನಾಲ್ಕನ್ನೂ ಅಡ್ಡಡ್ಡ ಹಿಡಿದು ಹೊರಟರೆ ಮಿರಜ ಪೇಟೆಯ ರಸ್ತೆ ಸಾಲದೆ ಮೆರವಣಿಗೆ ಅರ್ಧ ತಾಸು ಸಿಕ್ಕಿಹಾಕಿಕೊಂಡಿತು. ಹಿಂದೆ ನಿಂತ ಎಮ್ಮೆಗಾಡಿಯವನು ಬೈದ ಬೈಗುಳ ಮಾತ್ರ ನಾಲ್ಕೂ ಚರ್ಚುಗಳಿಗೆ ಸಮನಾಗಿ ಹಂಚಿಕೆಯಾಯಿತು.

ಇಷ್ಟಾದರೂ ಕೆಲಸ ಆಗಿದೆ. ಗಟಾರದ ಕೆಲಸಗಾರರಿಗೆ ಕೈಗವಸು, ಗಂಬೂಟು ಕೊಡಿ ಎಂದು ಒಂದೊಂದೇ ಚರ್ಚು ಬರೆದ ಅರ್ಜಿಗಳು ಕಸದ ಬುಟ್ಟಿ ಕಂಡಿದ್ದವು. ನಾಲ್ಕು ಮೊಹರು ಒಂದೇ ಕಾಗದದ ಮೇಲೆ ಬಿದ್ದಾಗ ಗುತ್ತಿಗೆದಾರ ತಾನಾಗಿ ಫೋನು ಮಾಡಿದ. ಮೊಹರಿಗಾಗಿ ಹನ್ನೊಂದು ಸಲ ತಿರುಗಿದವರು ಸೋನಾಬಾಯಿ. ಶೆಡ್ಡಿನ ಮಂದಿಯ ಟೆಂಪೋದಲ್ಲಿ ಕ್ಯಾಥೊಲಿಕ್ ಸಿಸ್ಟರುಗಳ ಔಷಧ, ಕಲ್ಲು ಚರ್ಚಿನ ಹಂಡೆಯಲ್ಲಿ ಎಲ್ಲರ ಅಕ್ಕಿ, ಮರಾಠಿ ಚರ್ಚಿನ ವಕೀಲರ ಮುಂದೆ ಎಲ್ಲರ ತಕರಾರು. “ಒಬ್ಬರ ಕಡೆ ಇರೋದು ಇನ್ನೊಬ್ಬರ ಕಡೆ ಇಲ್ರಿ. ಅದಕ್ಕs ಕೂಡ್ಯಾರ,” ಎಂದು ಅವರು ನಗುತ್ತಾರೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳು. ಮೊದಲ ದಿನ ಒಂದೇ ಗಲ್ಲಿಗೆ ಎರಡು ಟೆಂಪೋ ಖಿಚಡಿ ಹೋಗಿ, ಪಕ್ಕದ ಗಲ್ಲಿಯವರು ಬರಿಗೈಯಲ್ಲಿ ಕೂತರು. ಹೀಗಾಗಬಾರದೆಂದು ಕೂಟ ಗಲ್ಲಿಗಳನ್ನು ಹಂಚಿಕೊಳ್ಳಲು ನಿಶ್ಚಯಿಸಿತು. ಯಾವ ಬಾಗಿಲು ಯಾವ ಚರ್ಚಿನದು ಎಂದು ಬಲ್ಲವರು ಒಬ್ಬರೇ. ಕಲ್ಲು ಚರ್ಚಿನ ಸಭಾಮಂದಿರದಲ್ಲಿ ಕೂತು ಸೋನಾಬಾಯಿ ಯಾದಿ ಬರೆದರು. ಯಾವ ಚರ್ಚಿನ ಮನೆಗಳು ಹೆಚ್ಚಿವೆಯೋ ಗಲ್ಲಿ ಆ ಚರ್ಚಿಗೆ. ಹತ್ತು ಗಲ್ಲಿ ಸುಲಭವಾಗಿ ಹಂಚಿಹೋದವು.

ಉಳಿದದ್ದು ಚಿಂಚ ಗಲ್ಲಿ. ಹತ್ತೊಂಬತ್ತು ಮನೆ. ಕಲ್ಲು ಚರ್ಚಿನವು ಐದು, ಕ್ಯಾಥೊಲಿಕರವು ಐದು, ಮರಾಠಿ ಚರ್ಚಿನವು ನಾಲ್ಕು, ಶೆಡ್ಡಿನವು ಮೂರು, ಯಾವ ಚರ್ಚಿಗೂ ಸೇರದವು ಎರಡು.

“ಐದಕ್ಕ ಐದು ಸಮ ಬಂತ್ರಿ. ಇವ್ರಿಗಿ ಕೊಟ್ರ ಅವ್ರಿಗಿ ಸಿಟ್ಟು. ಕೂಟ ಕಟ್ಟಾಕ ಏಳು ವರ್ಷ ಹಿಡದಿತ್ತು. ಒಂದ ಗಲ್ಲಿ ಸಲುವಾಗಿ ಒಡದ ಹೋಗಬಾರದು ಅನಿಸ್ತು. ಅದರ ಮುಂದ ‘ಸಗಳ್ಯಾಂಚಿ’ ಅಂತ ಬರದ್ನಿ. ಎಲ್ಲಾರದು ಅಂತ. ಬರದ ಮ್ಯಾಲ ನನಗs ಛಂದ ಅನಿಸ್ತು ನೋಡ್ರಿ,” ಎನ್ನುವಾಗ ಸೋನಾಬಾಯಿಯ ಕೈ ಸೆರಗಿನ ಅಂಚನ್ನು ಹಿಂಡುತ್ತದೆ.

ಎಲ್ಲರದು ಎಂದು ಓದಿದ ನಾಲ್ಕೂ ಚರ್ಚಿನವರು ಉಳಿದ ಮೂವರು ಹೋಗಿರುತ್ತಾರೆಂದುಕೊಂಡರು. ಎರಡು ದಿನ ಚಿಂಚ ಗಲ್ಲಿಗೆ ಯಾರೂ ಹೋಗಲಿಲ್ಲ. ಇದ್ದ ಒಂದೇ ಸ್ಲ್ಯಾಬಿನ ಮನೆಯ ಮೇಲೆ ಹತ್ತೊಂಬತ್ತು ಮನೆಯವರು ಮಳೆಯಲ್ಲಿ ಕೂತರು. ಮೂರನೆಯ ದಿನ ಕಸಬೆ ಡಿಗ್ರಜದ ಕಡೆಯ ಯಾರೋ ಪರಿಚಯವಿಲ್ಲದವರು ದೋಣಿ ತಂದು ಇಳಿಸಿಕೊಂಡು ಹೋದರು.

ಆ ಸ್ಲ್ಯಾಬಿನ ಮೇಲೆ ಎಪ್ಪತ್ತು ದಾಟಿದ ಕಾಡವ್ವ ಇದ್ದಳು. ಸಕ್ಕರೆ ಕಾಯಿಲೆ, ಗುಳಿಗೆ ನೀರುಪಾಲಾಗಿತ್ತು. ಯಾವ ಚರ್ಚಿನಲ್ಲೂ ಅವಳ ಹೆಸರಿರಲಿಲ್ಲ. ಹೆಸರು ಬರೆಸಿ ಕಾಗದದ ಮೇಲೆ ಕ್ರೈಸ್ತರಾದರೆ ಮೊಮ್ಮಗಳು ಸ್ವಪ್ನಾಲಿಯ ಜಾತಿ ಪ್ರಮಾಣಪತ್ರಕ್ಕೆ ಕುತ್ತು ಬಂದೀತೆಂಬ ಭಯ. ಅದಕ್ಕೇ ಒಂದೊಂದು ಭಾನುವಾರ ಒಂದೊಂದು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದಳು. ನಿರಾಶ್ರಿತರನ್ನು ಇರಿಸಿದ್ದ ಶಾಲೆಗೆ ಬಂದ ಮರುದಿನವೇ ಅವಳು ತೀರಿಕೊಂಡಳು. ವಯಸ್ಸಾಗಿತ್ತು ಎಂದರು ಡಾಕ್ಟರು.

ಮಣ್ಣಿಗೆ ನಾಲ್ಕೂ ಚರ್ಚಿನ ಪಾಳಕರು ಬಂದರು. ಒಂದೇ ಗುಂಡಿಯ ಸುತ್ತ ನಿಂತು ನಾಲ್ವರೂ ಪ್ರಾರ್ಥನೆ ಮಾಡಿದ್ದು ಅದೇ ಮೊದಲು. ಅದರ ಫೋಟೋ ಕೂಟದ ಕೋಣೆಯಲ್ಲಿದೆ. ಪಕ್ಕದಲ್ಲೇ ಆ ಯಾದಿಯೂ ತೂಗುತ್ತಿದೆ. “ಬದುಕಿದ್ದಾಗ ಒಬ್ರೂ ಹೋಗ್ಲಿಲ್ಲ, ಸತ್ತ ಮ್ಯಾಲ ನಾಲ್ಕೂ ಮಂದಿ ಬಂದ್ರು. ಅವ್ರ ತಪ್ಪಲ್ರಿ ಅದು. ಅವ್ರು ನಾ ಬರದದ್ದು ಓದಿದ್ರು,” ಎನ್ನುತ್ತಾರೆ ಸೋನಾಬಾಯಿ. ಯಾರಾದರೂ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಬೈಯುವುದಿರಲಿ, ‘ಸಗಳ್ಯಾಂಚಿ’ ಎಂಬ ಆ ಮಾತೇ ಕೂಟಕ್ಕೆ ಮೆಚ್ಚುಗೆಯಾಗಿಬಿಟ್ಟಿತು. ಜನವರಿಯ ಐಕ್ಯ ಪ್ರಾರ್ಥನೆಯ ವಾರದಲ್ಲಿ ಅದರ ಮೇಲೆ ಪ್ರವಚನವಾಯಿತು. ಕಳೆದ ವರ್ಷ ಕ್ಯಾಲೆಂಡರಿನ ಮೇಲೂ ದೊಡ್ಡ ಅಕ್ಷರದಲ್ಲಿ ಅಚ್ಚಾಯಿತು. ಅದನ್ನು ಮನೆಮನೆಗೆ ಹಂಚುವ ಕೆಲಸ ಯಾರ ಪಾಲಿನದೆಂದು ಬೇರೆ ಹೇಳಬೇಕಿಲ್ಲ. ಸ್ವಪ್ನಾಲಿಯ ಕೈಗೆ ಒಂದನ್ನು ಕೊಟ್ಟು, ಗೋಡೆಗೆ ಮೊಳೆಯನ್ನೂ ತಾವೇ ಹೊಡೆದು ಬಂದಿದ್ದಾರೆ.

2021ರಲ್ಲಿ ಮತ್ತೆ ನೀರು ಏರಿತು. ಆಗ ಸೋನಾಬಾಯಿ ಒಂದು ದಿನ ಮೊದಲೇ ಬಂದು ಇಡೀ ಚಿಂಚ ಗಲ್ಲಿಯನ್ನು ಖಾಲಿ ಮಾಡಿಸಿದ್ದರು. ಯಾದಿಯ ಮಾತು ಏಳಲೇ ಇಲ್ಲ. ಈಗ ಮೊಣಕಾಲು ಕೇಳುವುದಿಲ್ಲ. ಮಿರಜ-ಸಾಂಗಲಿಯ ನಡುವೆ ನೀರು ನಿಂತರೆ ಅವರಿಂದ ಬರಲಾಗದು. ಅಂಥ ದಿನ ಈ ಗಲ್ಲಿಗೆ ಉಳಿಯುವುದು ಆ ಕಾಗದ ಒಂದೇ.

ಈ ಗುರುವಾರ ಬೆಳಿಗ್ಗೆ ಅವರು ಮೊದಲು ಸ್ವಪ್ನಾಲಿಗೆ ಹೇಳಿದರು. ಇಪ್ಪತ್ತಾರರ ಸ್ವಪ್ನಾಲಿ ಅರಿಸಿನದ ಗೋದಾಮಿನಲ್ಲಿ ಕೊಂಬು ಆರಿಸುವವಳು. ಅವಳ ಬೆರಳುಗಳ ಹಳದಿ ಭಾನುವಾರವೂ ಹೋಗುವುದಿಲ್ಲ. ದಿನಾ ಬೆಳಿಗ್ಗೆ “ಯಾ ಮಾವಶಿ, ಬಸಾ” ಎಂದು ಕರೆದು ಕೂರಿಸಿ ಚಹಾ ಕೊಡುತ್ತಿದ್ದವಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರವೆಲ್ಲ ಮರಾಠಿಯಲ್ಲಿ. ಯಾದಿಯ ಕಥೆ ಪೂರ್ತಿ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು: ಇಷ್ಟು ವರ್ಷ ನನ್ನ ಮನೆಯ ಚಹಾ ಹೇಗೆ ಕುಡಿದಿರಿ?

ಸೋನಾಬಾಯಿ ಲೋಟ ಕೆಳಗಿಟ್ಟು ಎದ್ದರು. ಶುಕ್ರವಾರ ಆ ಬಾಗಿಲು ತೆರೆಯಲಿಲ್ಲ. ಒಳಗೆ ಸ್ಟೋವಿನ ಸದ್ದು ಕೇಳುತ್ತಿತ್ತು. ಎರಡು ಪೆಟ್ಟು ತಟ್ಟಿ, ಸ್ವಲ್ಪ ಹೊತ್ತು ನಿಂತು, ಮುಂದಿನ ಮನೆಗೆ ಹೋದರು.

“ಆರು ವರ್ಷದ ಹಿಂದs ಹೇಳಿದ್ರ ಬೈತಿದ್ಲು, ಅತ್ತು ಸುಮ್ನಾಗ್ತಿದ್ಲು. ನಾ ತಡಾ ಮಾಡಿದ್ದs ದೊಡ್ಡ ತಪ್ಪಾತು,” ಎನ್ನುತ್ತಾರೆ. ಈ ಮಾತಿಗೆ ಸಮಾಧಾನ ಹೇಳಲು ಹೋದರೆ ಕೈಯೆತ್ತಿ ಬೇಡವೆನ್ನುತ್ತಾರೆ.

ಶನಿವಾರ ಸಂಜೆ ನಾಲ್ಕು ಗಂಟೆ. ಕಲ್ಲು ಚರ್ಚಿನ ಸಭಾಮಂದಿರದಲ್ಲಿ ಹದಿನಾಲ್ಕು ಕುರ್ಚಿ. ಪ್ರತಿ ಸಲ ಚಹಾ ಹಂಚಿ ಗೋಡೆಗೊರಗಿ ನಿಲ್ಲುವ ಸೋನಾಬಾಯಿ ಈ ದಿನ ಮೇಜಿನ ಬಳಿಗೇ ಬರುತ್ತಾರೆ. ಕಾರ್ಯದರ್ಶಿ ನಿಲೇಶ ಯಾದಿ ಓದಿ, ಮಂಜೂರು ಎನ್ನುವಷ್ಟರಲ್ಲಿ ಅವರು ಮರಾಠಿಯಲ್ಲಿ ತಡೆಯುತ್ತಾರೆ. ಐದಕ್ಕೆ ಐದು ಸಮ ಬಂದದ್ದು, ಯಾರಿಗೂ ಸಿಟ್ಟು ಬರಬಾರದೆಂದು ಆ ಮಾತು ಬರೆದದ್ದು, ಎರಡು ದಿನ, ಸ್ಲ್ಯಾಬು, ಕಾಡವ್ವ, ಎಲ್ಲ ಹೇಳುತ್ತಾರೆ. ದನಿ ಒಮ್ಮೆಯೂ ಏರುವುದಿಲ್ಲ. ಆ ಮಾತು ಹೊಡೆದುಹಾಕಿ, ಯಾವುದಾದರೂ ಒಂದು ಚರ್ಚಿನ ಹೆಸರು ಬರೆಯಿರಿ ಎಂದು ಕೈಮುಗಿಯುತ್ತಾರೆ.

ಹಿರಿಯ ಪಾಳಕರೊಬ್ಬರ ಕಣ್ಣು ಒದ್ದೆಯಾಗುತ್ತದೆ. “ಅದು ನಿಮ್ಮೊಬ್ಬರ ತಪ್ಪಲ್ಲ ಬಾಯಿ, ನಮ್ಮೆಲ್ಲರದೂ,” ಎನ್ನುತ್ತಾರೆ ಅವರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಸೋನಾಬಾಯಿ ಮಾತ್ರ ನೆಲ ನೋಡುತ್ತಾರೆ.

ಗಲ್ಲಿ ಯಾರಿಗೆ ಎಂಬ ಮಾತು ಆಮೇಲೆ ಬರುತ್ತದೆ. ಕಲ್ಲು ಚರ್ಚಿನವರು ಕ್ಯಾಥೊಲಿಕರು ತೆಗೆದುಕೊಳ್ಳಲಿ ಎನ್ನುತ್ತಾರೆ, ಕ್ಯಾಥೊಲಿಕರು ಕಲ್ಲು ಚರ್ಚಿನವರೇ ಹಿರಿಯರು ಎನ್ನುತ್ತಾರೆ. ಶೆಡ್ಡಿನವರ ಟೆಂಪೋ ರಿಪೇರಿಯಲ್ಲಿದೆ. ಮರಾಠಿ ಚರ್ಚಿನವರು ತಮ್ಮ ಮಂಡಳಿಯನ್ನು ಕೇಳಬೇಕು. ಯಾರ ದನಿಯಲ್ಲೂ ಕಹಿಯಿಲ್ಲ, ಎಲ್ಲವೂ ಬಲು ಮರ್ಯಾದೆಯಿಂದ ನಡೆಯುತ್ತದೆ. ಕೊನೆಗೆ ಮೂವರ ಉಪಸಮಿತಿ ಮಾಡಿ, ಜುಲೈ ಎರಡನೆಯ ವಾರದ ಸಭೆಗೆ ವಿಷಯವನ್ನು ಮುಂದಕ್ಕೆ ಹಾಕುತ್ತಾರೆ. ಹೊರಗೆ ಆಗಲೇ ಮೃಗಶಿರಾದ ಮೋಡ ಕಟ್ಟಿದೆ.

ಸೋನಾಬಾಯಿ ನಿಲೇಶನ ಮುಂದಿನ ಪೆನ್ನು ಎತ್ತಿಕೊಳ್ಳುತ್ತಾರೆ. ಯಾದಿಯನ್ನು ತಮ್ಮ ಕಡೆಗೆ ತಿರುಗಿಸಿ, ‘ಸಗಳ್ಯಾಂಚಿ’ ಎಂಬುದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ನಾಲ್ಕನೇ ಇಯತ್ತೆಯ ದುಂಡು ಅಕ್ಷರದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ನಾಲ್ಕು ಚರ್ಚುಗಳ ಹೆಸರಿನ ನಡುವೆ ಒಬ್ಬ ಹೆಂಗಸಿನ ಹೆಸರು.

ಅಥಣಿ ಕಡೆಯ ತಾಯಿಯ ಮಗನಾದ ನಿಲೇಶ ಗಾಬರಿಯಿಂದ ಕನ್ನಡಕ್ಕೆ ಹೊರಳುತ್ತಾನೆ. “ಬಾಯಿ, ನಿಮ್ಮ ಹೆಸರ ಯಾಕ್ರಿ? ಈ ಮೊಣಕಾಲ ಕಟಗೊಂಡು ಮಹಾಪೂರದಾಗ ನೀವ ಏನ ಮಾಡ್ತೀರಿ?”

“ಏನೂ ಮಾಡಾಕ ಆಗ್ಲಿಕ್ಕಿಲ್ಲಪಾ,” ಎನ್ನುತ್ತಾ ಅವರು ಪೆನ್ನಿನ ಟೋಪಿ ಹಾಕಿ ಅವನ ಮುಂದಿಡುತ್ತಾರೆ. “ಆದ್ರ ಈ ಸಲ ಯಾರರೆ ಸತ್ರಂದ್ರ, ಯಾರ ಬರ್ಲಿಲ್ಲ ಅಂತ ಸ್ವಪ್ನಾಲಿಗಿ ಹೆಸರ ಹಿಡದ ಕೇಳಾಕ ಬರ್ತೈತಿ.”