ತೊಟ್ಟಿಲ ಕೆಳಗಿನ ಕೈ

ಮಗಳಿಗೆ ಗಂಡುಮಗು ಆದ ಸಂತೋಷಕ್ಕೆ ಕೆಂಪಾಪುರದ ನಮ್ಮ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಸಕ್ಕರೆ ಕೊಟ್ಟೆ, ಪರಿಚಯ ಇಲ್ಲದವರಿಗೂ. ಆದರೆ ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಂಗೆಲ್ಲ, ಅದು ಮುಂದಕ್ಕೆ ಹೋದರೆ ಸಾಕು ಅನ್ನಿಸುತ್ತಿತ್ತು. ನಮ್ಮಲ್ಲಿ ಮಗುವನ್ನು ತೊಟ್ಟಿಲ ಕೆಳಗಿನಿಂದ ಒಬ್ಬರು ದಾಟಿಸಬೇಕು, ಮೇಲಿನಿಂದ ಇನ್ನೊಬ್ಬರು. ಹಿಂಗೆ ಮೂರು ಸಲ. ಮೇಲಿನಿಂದ ದಾಟಿಸುವುದು ತಾಯಿಯನ್ನು ಹೆತ್ತವಳು, ಅಂದರೆ ನಾನು. ನನ್ನ ಬಲಗೈ ಹೆಗಲಿನವರೆಗೂ ಏಳುವುದಿಲ್ಲ.

ಏರ್‌ಪೋರ್ಟ್ ಶುರುವಾದ ವರ್ಷ, ಹೆಬ್ಬಾಳದ ಹತ್ತಿರ ಒಂದು ಅಪಾರ್ಟ್‌ಮೆಂಟಿನ ಚಾವಣಿಗೆ ಮೋಲ್ಡ್ ಹಾಕುವಾಗ ಹೋದ ತೋಳು. ಹೆಂಗಸರು ಸಾರುವೆ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತಿದ್ದೆವು. ಕೆಳಗಿನವಳು ಕೊಟ್ಟ ಕಾಂಕ್ರೀಟ್ ಬಾಂಡ್ಲಿಯನ್ನು ತಲೆಗಿಂತ ಮೇಲೆತ್ತಿ ಮೇಲಿನವಳ ಕೈಗೆ ಕೊಡುವುದು, ಬೆಳಿಗ್ಗೆಯಿಂದ ಸಂಜೆವರೆಗೆ. ಹೆಗಲು ಕಳಕ್ ಅಂದಾಗ ಮೇಸ್ತ್ರಿಗೆ ಹೇಳಿದೆ.

"ನಿಂತ ಜಾಗದಲ್ಲೇ ನಿಂತಿದ್ದೀಯ, ನಿಂಗ್ಯಾತರ ನೋವಮ್ಮ?" ಅಂದ. ಮಾರನೇ ದಿನ ನನ್ನ ಜಾಗದಲ್ಲಿ ಬೇರೊಬ್ಬಳು.

ತೊಟ್ಟಿಲ ಶಾಸ್ತ್ರದ ಹಿಂದಿನ ವಾರ ಇದನ್ನು ಒಂಬತ್ತನೇ ಕ್ಲಾಸು ಓದುವ ಮಗನ ಮಗಳಿಗೆ ಹೇಳಿದೆ.

"ಅವನು ಹೇಳಿದ್ದು ತಪ್ಪು ಅಜ್ಜಿ. ಎತ್ತೋದೇ ಕೆಲ್ಸ. ನೀನು ಹಾಕಿದ ಶಕ್ತಿ ಆ ಕಾಂಕ್ರೀಟಲ್ಲೇ ಇದೆ. ಅದು ಮೇಲಿರೋವರ್ಗೂ ಇರುತ್ತೆ."

"ಯಾರ್ದೋ ಮನೇಲಿದೆ ಅನ್ನು. ನಂಗೆ ವಾಪಸ್ ಬೇಕು ಅಂದ್ರೆ?"

"ಬಿಲ್ಡಿಂಗ್ ಬೀಳ್ಬೇಕು."

ಬೀಳಲಿ ಅಂತ ಒಂದು ಗಳಿಗೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಶಾಸ್ತ್ರದ ದಿನ ಮಗಳ ಅತ್ತೆ, ನಮ್ಮ ಬೀಗಿತ್ತಿ, ನನ್ನ ತೋಳು ನೋಡಿದರು. "ನೀವು ಕೂತ್ಕೊಂಡು ಕೆಳಗಿಂದ ಕೊಡಿ, ಸಾಕು. ಮೇಲಿಂದ ದಾಟಿಸಿ ನಿಮ್ಮ ಮಡಿಲಿಗೇ ಇಡ್ತೀನಿ" ಅಂದರು. ಒಳ್ಳೆ ಮಾತೇ. ಆದರೂ ಚುಚ್ಚಿತು. ಅಷ್ಟು ಬಾಂಡ್ಲಿ ಎತ್ತಿದವಳಿಗೆ ನಾಲ್ಕು ಕೇಜಿ ಮಗು ಎತ್ತಲು ಆಗಲಿಲ್ಲ. ಯಾರದೋ ಚಾವಣಿಗೆ ಎಲ್ಲವನ್ನೂ ಸುರಿದು ಬಂದಿದ್ದೆನಲ್ಲ.

ಕೂತು ದಾಟಿಸಿದೆ. ಮೊಮ್ಮಗಳು ಕಿವಿಯ ಹತ್ತಿರ ಬಂದು, "ಅಜ್ಜಿ, ಮಟ್ಟಸವಾಗಿ ದಾಟಿಸಿದ್ರೆ ಪುಸ್ತಕದ ಪ್ರಕಾರ ಕೆಲ್ಸ ಸೊನ್ನೆ" ಅಂದಳು.

"ಹೋಗೆ, ನಿನ್ ಪುಸ್ತಕಾನೂ ಆ ಮೇಸ್ತ್ರಿ ಥರಾನೇ."

ಮೂರನೇ ಸಲಕ್ಕೆ ಮಗು ನನ್ನ ಹೊಸ ಸೀರೆ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದ. ಮೇಲಿನಿಂದ ದಾಟಿಸಿದವರ ಸೀರೆ ಒಣಗೇ ಇತ್ತು. ಬದಲಾಯಿಸಿಕೊಳ್ಳಿ ಅಂತ ಎಲ್ಲರೂ ಹೇಳಿದರು. ಸಂಜೆವರೆಗೂ ಅದೇ ಸೀರೆಯಲ್ಲಿ ಓಡಾಡಿದೆ.