ಎರಡರ ಜಾಗದಲ್ಲಿ ಮೂರನೇ ರೀಲು

ಭಾನುವಾರ ಬೆಳಗಿನ ಆರು ಗಂಟೆ. ಮಲ್ಲೇಶ್ವರದ ಸಭಾಭವನದ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಒಳಗೆ ಕುರ್ಚಿಗಳ ಹಿಂದೆ ಒಂದು ಮೇಜು, ಅದರ ಮೇಲೆ ಹದಿನಾರು ಎಂ.ಎಂ. ಪ್ರೊಜೆಕ್ಟರು, ಅದರ ಮುಂದೆ ಬಗ್ಗಿ ನಿಂತ ವಿಶ್ವಾರಾಧ್ಯ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಫಿಲ್ಮು ಹಾಯುವ ಕಿಂಡಿಯ ಧೂಳು ತೆಗೆಯುತ್ತಾರೆ, ಊದುತ್ತಾರೆ, ಮತ್ತೆ ತೆಗೆಯುತ್ತಾರೆ. ಮಕ್ಕಳು ಬರುವುದು ಹತ್ತಕ್ಕೆ. ಇಷ್ಟು ಬೇಗ ಬಂದು ಮಾಡುವುದೇನಿದೆ ಎಂದು ಕೇಳಿದರೆ ಅವರಿಗೇ ಆಶ್ಚರ್ಯ. "ಒಂದೇ ಒಂದು ಕೂದಲು ಸಿಕ್ಕೊಂಡ್ರೂ ಪರದೆ ಮೇಲೆ ಹಗ್ಗದ ಥರ ಕಾಣತ್ತೆ. ಮಕ್ಕಳು ಸಿನಿಮಾ ಬಿಟ್ಟು ಅದನ್ನೇ ನೋಡ್ತವೆ."

ಆದರೆ ಇಂದು ಅವರ ಗಮನ ಕಿಂಡಿಯ ಮೇಲಿಲ್ಲ. ಮೇಜಿನ ತುದಿಯಲ್ಲಿರುವ ನಾಲ್ಕು ತಗಡಿನ ಡಬ್ಬಿಗಳ ಕಡೆಗೆ ಕಣ್ಣು ಹೋಗುತ್ತದೆ, ಹೋದಷ್ಟೇ ಬೇಗ ವಾಪಸು ಬರುತ್ತದೆ.

ವಿಶ್ವಾರಾಧ್ಯರದು ಬಳೇಪೇಟೆಯ ಬಳೆ ವ್ಯಾಪಾರದ ಮನೆತನ. ಬಾಲ್ಯವೆಲ್ಲ ಗಾಜಿನ ಬಳೆಗಳನ್ನು ಬಣ್ಣವಾರು ವಿಂಗಡಿಸುವುದರಲ್ಲಿ ಕಳೆಯಿತು. ಹಸಿರೊಂದರಲ್ಲೇ ಹನ್ನೊಂದು ಬಗೆ ಗುರುತಿಸುತ್ತಾರೆ. ಅಂಗಡಿ ಅಣ್ಣನಿಗೆ ಹೋಯಿತು. ಇವರು ಎಪ್ಪತ್ತೊಂದನೇ ಇಸವಿಯಲ್ಲಿ ಮಕ್ಕಳ ಚಿತ್ರ ಸಂಘಕ್ಕೆ ಬಂದವರು, ಇಪ್ಪತ್ತಾರು ವರ್ಷವಾದರೂ ಇಲ್ಲೇ ಇದ್ದಾರೆ. ವರ್ಷಕ್ಕೆ ನಲವತ್ತು ಪ್ರದರ್ಶನ, ಒಂದು ವಾರ ಬಸವನಗುಡಿ, ಇನ್ನೊಂದು ವಾರ ಮಲ್ಲೇಶ್ವರ. ಪ್ರೊಜೆಕ್ಟರು ಹದಿನೆಂಟು ಕಿಲೋ. ಆಟೋದಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಓಡಾಟ. ಹೊತ್ತು ಹೊತ್ತು ಬಲಗೈ ಈಗ ಭುಜದ ಮೇಲಕ್ಕೆ ಏಳುವುದಿಲ್ಲ. ಕೇಬಲ್ ಟಿವಿ ಬಂದ ಮೇಲೆ ಇನ್ನೂರು ಮಕ್ಕಳಿದ್ದ ಕಡೆ ಅರವತ್ತು ಬಂದರೆ ಹೆಚ್ಚು.

ಈ ಕೆಲಸದಲ್ಲಿ ಅವರದೊಂದು ಹಟವಿದೆ. ಫಿಲ್ಮು ಕತ್ತರಿಸುವುದಿಲ್ಲ, ಹಾರಿಸುವುದಿಲ್ಲ, ಹಿಂದುಮುಂದು ಮಾಡುವುದಿಲ್ಲ. ರಾಕ್ಷಸನ ದೃಶ್ಯ ಬಿಟ್ಟುಬಿಡಿ, ಮಗು ಹೆದರುತ್ತದೆ ಎಂದು ಅಂಗಲಾಚಿದ ತಾಯಂದಿರಿಗೂ ಒಂದೇ ಉತ್ತರ: "ನಾನು ತೋರಿಸೋನು ತಾಯಿ. ಮಾಡಿದೋರು ಬೇರೆ ಇದಾರೆ."

ಈ ಹಟಕ್ಕೆ ಪೆಟ್ಟು ಬಿದ್ದಿದ್ದು ಹೋದ ಭಾನುವಾರ, ಬಸವನಗುಡಿಯಲ್ಲಿ.

ದೆಹಲಿಯಿಂದ ಚೀನಾದ ಒಂದು ಕಾರ್ಟೂನ್ ಚಿತ್ರ ಬಂದಿತ್ತು. ಮಾತು ಕಡಿಮೆ, ಇರುವುದೂ ಚೀನೀ ಭಾಷೆಯಲ್ಲಿ. ಹಳ್ಳಿಯ ನದಿಯನ್ನು ಮೋಡಗಳ ರಾಣಿ ಕದ್ದೊಯ್ಯುತ್ತಾಳೆ. ಕುಂಬಾರನ ಮಗಳೊಬ್ಬಳು ಮುದುಕ ಅಂಬಿಗನ ಜತೆ ಅದನ್ನು ಹುಡುಕಿ ಹೊರಡುತ್ತಾಳೆ. ವಿಶ್ವಾರಾಧ್ಯರು ತಮ್ಮ ಪದ್ಧತಿಯಂತೆ ಹಿಂದಿನ ದಿನವೇ ಗೋಡೆಯ ಮೇಲೆ ಬಿಟ್ಟುಕೊಂಡು ನೋಡಿದರು. "ಮಂಜಿಗೂ ಬಣ್ಣ ಹಾಕಿದಾರೆ ಸಾರ್! ಬೂದಿ ಅಲ್ಲ, ಬಿಳಿ ಅಲ್ಲ, ಬೆಳಗಿನ ಜಾವದ ಒಂಥರಾ ನೀಲಿ. ನನಗೆ ಕಣ್ಣಲ್ಲಿ ನೀರು ಬಂತು."

ಕಥೆಗೆ ಮಾತ್ರ ತಲೆಬುಡವಿರಲಿಲ್ಲ. ಮೊದಲ ರೀಲಿನ ಕೊನೆಗೆ ದೋಣಿಯಲ್ಲಿ ನಗುತ್ತಾ ಕುಳಿತಿದ್ದ ಅಂಬಿಗ ಎರಡನೆಯದರಲ್ಲಿ ಇಲ್ಲವೇ ಇಲ್ಲ. ಹುಡುಗಿ ಅವನ ಬಿದಿರಿನ ಟೋಪಿ ತಬ್ಬಿಕೊಂಡು ಅಳುತ್ತಿದ್ದಾಳೆ. ಮೂರನೆಯದರಲ್ಲಿ ನೋಡಿದರೆ ಅದೇ ಅಂಬಿಗ ಹುಟ್ಟು ಹಾಕುತ್ತಿದ್ದಾನೆ, ಆಮೇಲೆ ಮುಳುಗುತ್ತಾನೆ! ಹಿಂದೆ ತೋರಿಸಿದವರು ರೀಲುಗಳನ್ನು ಅದಲುಬದಲು ಡಬ್ಬಿಗೆ ಹಾಕಿ ಕಳಿಸುವುದು ಈ ಕೆಲಸದಲ್ಲಿ ಮಾಮೂಲು. ಫಿಲ್ಮಿನ ತುದಿಯ ನಂಬರು ಹರಿದುಹೋಗಿತ್ತು. ಚಿತ್ರದ ವಿವರದ ಹಾಳೆಯೂ ಬಂದಿರಲಿಲ್ಲ. ವಿಶ್ವಾರಾಧ್ಯರು ಯೋಚಿಸಿ ಮೂರನೆಯದನ್ನು ಎರಡನೆಯದಕ್ಕಿಂತ ಮೊದಲು ಹಾಕಿದರು. ಕಥೆ ನೀರು ಹರಿದಂತೆ ಹರಿಯಿತು. ಅಂಬಿಗ ಮುಳುಗಿದಾಗ ಮಕ್ಕಳು ಅತ್ತವು, ನದಿ ಊರಿಗೆ ಮರಳಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವು.

ಗುರುವಾರ ಅಂಚೆಯಲ್ಲಿ ವಿವರದ ಹಾಳೆ ಬಂತು. ಡಬ್ಬಿಗಳ ನಂಬರೇ ಸರಿ. ಅಂಬಿಗ ಮುಳುಗುವುದು ಹುಡುಗಿಯ ನೆನಪಂತೆ. ನೆನಪು ಎಂದು ತಿಳಿಯುವಂಥ ಒಂದು ಗುರುತನ್ನೂ ಚಿತ್ರ ಮಾಡಿದವರು ಇಟ್ಟಿಲ್ಲ.

"ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಯಾರೋ ಸತ್ತೋದ್ರೇನೋ ಅನ್ಕೊಂಡೆ" ಎನ್ನುತ್ತಾರೆ ಪತ್ನಿ ಗಿರಿಜಾಂಬಾ. ಇಪ್ಪತ್ತಾರು ವರ್ಷದಲ್ಲಿ ವಿಶ್ವಾರಾಧ್ಯರು ತಪ್ಪು ರೀಲು ಹಾಕಿದ್ದು ಅದೇ ಮೊದಲು. ಅದಕ್ಕೆ ಬಿದ್ದಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಬಿದ್ದಿರಲಿಲ್ಲ ಎನ್ನುವುದೇ ಹೆಚ್ಚಿನ ಸಂಕಟ. ಇಂದು ಮಲ್ಲೇಶ್ವರದಲ್ಲಿ ತೋರಿಸಬೇಕಾದದ್ದೂ ಅದೇ ಚಿತ್ರ.

ಒಂಬತ್ತೂವರೆಗೆ ಸಂಘದ ಕಾರ್ಯದರ್ಶಿ, ನಿವೃತ್ತ ಮೇಷ್ಟರು ಶ್ರೀನಿವಾಸಯ್ಯ ಬರುತ್ತಾರೆ. "ವಿಶ್ವಾರಾಧ್ಯರೇ, ಹೋದ ವಾರದ ಹಾಗೇ ಹಾಕ್ಬಿಡಿ. ಮಕ್ಕಳಿಗೆ ಅರ್ಥ ಆದ್ರೆ ಸಾಕು. ಬರೋ ಅರವತ್ತೂ ಎದ್ದು ಹೋದ್ರೆ ಸಂಘ ಎಲ್ಲಿರತ್ತೆ?"

"ಹೋದ ವಾರ ಗೊತ್ತಿಲ್ದೆ ಮಾಡ್ದೆ ಮೇಷ್ಟ್ರೇ. ಈಗ ಗೊತ್ತಿದೆಯಲ್ಲ."

"ಆ ಕಥೆ ಕೆಟ್ಟಿದೆ ಕಣ್ರೀ."

"ಕೆಟ್ಟಿದೆ. ಬಣ್ಣ ಹಾಕೋಕೆ ಬಂದಷ್ಟು ಕಥೆ ಹೇಳೋಕೆ ಬಂದಿಲ್ಲ ಅವರಿಗೆ. ಆದ್ರೆ ಆ ಮಂಜು ಅವರದ್ದು ಅಂದ್ರೆ ಈ ಎಡವಟ್ಟೂ ಅವರದ್ದೇ ಅಲ್ವಾ? ಒಂದನ್ನ ಇಟ್ಕೊಂಡು ಇನ್ನೊಂದನ್ನ ನಾನು ತಿದ್ದೋಕೆ ಯಾರು?"

ಮೇಷ್ಟರು ಮುಂದಿನ ಸಾಲಿಗೆ ಹೋಗಿ ಕೂರುತ್ತಾರೆ. ಹತ್ತು ಗಂಟೆಗೆ ದೀಪ ಆರುತ್ತದೆ. ಮೊದಲ ರೀಲು ಮುಗಿಯುವವರೆಗೆ ಮಕ್ಕಳು ಕಣ್ಣು ಮಿಟುಕಿಸುವುದಿಲ್ಲ. ವಿಶ್ವಾರಾಧ್ಯರು ಎರಡನೇ ಡಬ್ಬಿ ತೆರೆಯುತ್ತಾರೆ. ಕೈ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಫಿಲ್ಮು ಏರಿಸುತ್ತದೆ.

ಗುಸುಗುಸು ಶುರುವಾಗುತ್ತದೆ. "ತಾತ ಎಲ್ಲಿ?" "ಯಾಕೆ ಅಳ್ತಿದಾಳೆ?" ಮೂರನೇ ರೀಲಿನಲ್ಲಿ ಅಂಬಿಗ ಮತ್ತೆ ಬಂದಾಗ, ಹೋದ ವಾರ ಬಸವನಗುಡಿಯ ಅಜ್ಜಿ ಮನೆಗೆ ಹೋಗಿ ಇದೇ ಚಿತ್ರ ನೋಡಿದ್ದ ಎಂಟು ವರ್ಷದ ಇಂಚರಾ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಾಳೆ. "ಅಂಕಲ್, ರೀಲು ಉಲ್ಟಾ ಹಾಕಿದೀರಾ!" ಇಡೀ ಸಭೆ ಹಿಂದಕ್ಕೆ ತಿರುಗುತ್ತದೆ. ಯಾರೋ ಶಿಳ್ಳೆ ಹಾಕುತ್ತಾರೆ. ಹತ್ತಾರು ಮಕ್ಕಳು ಎದ್ದು ಹೊರಗೆ ಹೋಗುತ್ತವೆ. ವಿಶ್ವಾರಾಧ್ಯರು ಪ್ರೊಜೆಕ್ಟರು ನಿಲ್ಲಿಸುವುದಿಲ್ಲ.

ಚಿತ್ರ ಮುಗಿದ ಮೇಲೆ ಇಂಚರಾ ನೇರವಾಗಿ ಮೇಜಿನ ಹತ್ತಿರ ಬರುತ್ತಾಳೆ. "ಯಾಕಂಕಲ್ ಹೀಗ್ ಮಾಡಿದ್ರಿ?"

"ತಪ್ಪು ಮಾಡಿದ್ದು ಹೋದ ವಾರ ಪುಟ್ಟಿ. ಇವತ್ತು ಅವರು ಮಾಡಿದ ಹಾಗೇ ತೋರಿಸ್ದೆ."

"ಹಂಗಾದ್ರೆ ಅವರೇ ಸರಿಯಾಗಿ ಮಾಡಿಲ್ಲ."

"ಹೂಂ. ಅದನ್ನ ಅವರಿಗೇ ಬರಿ. ವಿಳಾಸ ಕೊಡ್ತೀನಿ."

ಅವಳು ನಿಜವಾಗಿಯೂ ಪೆನ್ಸಿಲು ಹುಡುಕಿಕೊಂಡು ಅಮ್ಮನ ಕಡೆ ಓಡುತ್ತಾಳೆ. ಅಷ್ಟರಲ್ಲಿ ಕುರ್ಚಿಗಳು ಖಾಲಿಯಾಗಿವೆ. ಬೇಜಾರಾಯಿತೇ ಎಂದು ಮೇಷ್ಟರು ಮೆಲ್ಲಗೆ ಕೇಳುತ್ತಾರೆ.

ವಿಶ್ವಾರಾಧ್ಯರು ನಾಲ್ಕನೇ ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾರೆ. "ಶಿಳ್ಳೆ ಹಾಕಿಸ್ಕೊಂಡಿದ್ದು ಬೇಜಾರೇ ಮೇಷ್ಟ್ರೇ. ಆದ್ರೆ ಇವತ್ತು ಸಿನಿಮಾ ಸರಿಯಾಗಿ ಹೋಯ್ತು."